ಬಿಸಿಲಿಗೆ ಹೋದ್ರೆ ಗುಳ್ಳೆ, ತುರಿಕೆ, ಕಪ್ಪು ಕಲೆ: ಬರೀ ‘ಉಷ್ಣ’ ಅಂತ ಬಿಟ್ಟುಬಿಡಬೇಡಿ

ಕಲಬುರಗಿ: ಬ್ಯಾಸಿಗಿ ಬಂತಂದ್ರೆ ನಮ್ಮ ಜಿಲ್ಲೆಯಲ್ಲಿ ಮೈಮೇಲೆ ಏನೇ ಎದ್ದರೂ ಅದಕ್ಕೆ ಒಂದೇ ಹೆಸರು, ‘ಉಷ್ಣ ಆಗ್ಯಾದ’. ಮಜ್ಜಿಗೆ ಕುಡಿ, ಸಬ್ಜಾ ಕಾಳು ನೆನೆಹಾಕು, ಅದಕ್ಕೂ ಬಗ್ಗದಿದ್ದರೆ ಮೆಡಿಕಲ್‌ಗೆ ಹೋಗಿ ಒಂದು ಟ್ಯೂಬ್ ತಂದು ಹಚ್ಚು. ಬೆವರುಗುಳ್ಳೆಯಾದರೆ ಮೈ ತಂಪಾಗಿಟ್ಟುಕೊಂಡರೆ ಸಾಕು, ತಾನೇ ಇಳಿಯುತ್ತದೆ. ಆದರೆ ಬಿಸಿಲು ತಾಕಿದ ಜಾಗದಲ್ಲಷ್ಟೇ ಗುಳ್ಳೆ, ತುರಿಕೆ, ಉರಿ, ಕಪ್ಪು ಪೊರೆ ಬರುತ್ತಿದ್ದರೆ, ಅದೂ ವರ್ಷ ವರ್ಷ ಬರುತ್ತಿದ್ದರೆ, ಅದು ಉಷ್ಣದ ಮಾತಲ್ಲ. ವೈದ್ಯರು ಇದನ್ನು ಫೋಟೊಸೆನ್ಸಿಟಿವಿಟಿ ಅಂತಾರೆ. ಮಂದಿ ಬಾಯಲ್ಲಿ ಇದು ‘ಬಿಸಿಲಿನ ಅಲರ್ಜಿ’. ಇದರಲ್ಲಿ ಬರುವ ಎಲ್ಲವೂ ನಿಜವಾದ ಅಲರ್ಜಿಯಲ್ಲ, ಆದರೆ ಅರ್ಥವಾಗುವ ಹೆಸರು, ಅದನ್ನೇ ಇಟ್ಟುಕೊಳ್ಳೋಣ.

ಒಂದು ಹೊಲದಲ್ಲಿ ಮೂವತ್ತು ಜನ ಕಳೆ ತೆಗೆಯುತ್ತಾರೆ. ಎಲ್ಲರ ನೆತ್ತಿಯ ಮೇಲೂ ಅದೇ ಸೂರ್ಯ. ಇಪ್ಪತ್ತೊಂಬತ್ತು ಜನರಿಗೆ ಮೈ ಕಪ್ಪಾಗುತ್ತದೆ, ಅಷ್ಟೇ. ಒಬ್ಬರಿಗೆ ಮಾತ್ರ ಕುತ್ತಿಗೆ, ಮುಂಗೈ ತುಂಬ ಗುಳ್ಳೆ. ಹಾಗಾದರೆ ತಪ್ಪು ಬಿಸಿಲಿನದು ಮಾತ್ರ ಅಲ್ಲ. ಬಿಸಿಲಿನ ಜೊತೆ ಕೈ ಸೇರಿಸಿದ ಇನ್ನೊಂದು ಏನೋ ಇದೆ: ನುಂಗುತ್ತಿರುವ ಗುಳಿಗೆ ಇರಬಹುದು, ಬದುವಿನ ಮೇಲಿನ ಕಳೆ ಇರಬಹುದು, ತಟ್ಟೆಯಲ್ಲಿ ಇಲ್ಲದ ಆಹಾರ ಇರಬಹುದು, ಮೈಯೊಳಗೆ ಸದ್ದಿಲ್ಲದೆ ಬೆಳೆಯುತ್ತಿರುವ ದೊಡ್ಡ ರೋಗವೂ ಇರಬಹುದು. ಆ ಜೊತೆಗಾರನನ್ನು ಹುಡುಕದೆ ಮೇಲೆ ಮುಲಾಮು ಹಚ್ಚುತ್ತಾ ಕೂತರೆ ವರ್ಷಗಳೇ ಕಳೆದುಹೋಗುತ್ತವೆ.

ಬಿಸಿ ಬೇರೆ, ಬಿಸಿಲು ಬೇರೆ

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ಕಲಬುರಗಿಯ 43 ಡಿಗ್ರಿ ಸೆಖೆ ಬೇರೆ, ಚರ್ಮವನ್ನು ಕೆಣಕುವ ಕಿರಣ ಬೇರೆ. ಈ ರೋಗಗಳಿಗೆ ಹೆಚ್ಚಾಗಿ ಕಾರಣ ಕಣ್ಣಿಗೆ ಕಾಣದ ನೇರಳಾತೀತ ಕಿರಣ, ಅಂದರೆ ಯುವಿ. ಅದು ಮೈಗೆ ಬಿಸಿಯಾಗಿ ತಾಕುವುದಿಲ್ಲ. ಆದ್ದರಿಂದ ಡಿಸೆಂಬರ್‌ನ ತಣ್ಣನೆಯ ಮಧ್ಯಾಹ್ನವೂ, ತೆಳು ಮೋಡ ಕವಿದ ದಿನವೂ ಅಲರ್ಜಿ ಇರುವವರಿಗೆ ಗುಳ್ಳೆ ಏಳಬಹುದು. ‘ಇವತ್ತು ಬಿಸಲೇ ಇರಲಿಲ್ಲ, ಆದ್ರೂ ಎದ್ದದ ನೋಡ್ರಿ’ ಅನ್ನುವವರ ಮಾತು ಸುಳ್ಳಲ್ಲ.

ಯುವಿಯಲ್ಲಿ ನಮ್ಮನ್ನು ತಲುಪುವುದು ಎರಡು ಬಗೆ. ಯುವಿ-ಬಿ ಚರ್ಮದ ಮೇಲ್ಪದರವನ್ನು ಸುಡುತ್ತದೆ, ಗಾಜು ಅದನ್ನು ತಡೆಯುತ್ತದೆ. ಯುವಿ-ಎ ಒಳಗಿನವರೆಗೆ ಇಳಿಯುತ್ತದೆ, ಸಾದಾ ಕಿಟಕಿ ಗಾಜನ್ನೂ ದಾಟಿ ಬರುತ್ತದೆ. ಬಿಸಿಲಿನ ಅಲರ್ಜಿಗಳಲ್ಲಿ ಯುವಿ-ಎ ಪಾತ್ರ ದೊಡ್ಡದು. ದಿನಾ ಬಸ್ಸಿನಲ್ಲಿ ಒಂದೇ ಕಡೆ ಕಿಟಕಿಗೆ ಕೂತು ಸೇಡಂನಿಂದ ಕಲಬುರಗಿಗೆ ಓಡಾಡುವವರಿಗೆ ಒಂದು ಕೈ ಮೇಲಷ್ಟೇ ಗುಳ್ಳೆ ಬಂದರೆ ಕಾರಣ ಇದೇ.

ನಮ್ಮ ಊರು ಇರುವುದು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ಮೊದಲಾರ್ಧದಲ್ಲಿ ಒಂದು ದಿನ, ಮತ್ತೆ ಆಗಸ್ಟ್‌ನಲ್ಲಿ ಒಂದು ದಿನ ಮಧ್ಯಾಹ್ನ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ನೆಟ್ಟ ಕೋಲಿಗೆ ನೆರಳೇ ಬೀಳುವುದಿಲ್ಲ. ಯುವಿ ಅಳೆಯುವ ಸೂಚ್ಯಂಕದಲ್ಲಿ 11 ದಾಟಿದರೆ ಅತಿ ತೀವ್ರ ಅಂತ ಲೆಕ್ಕ. ಏಪ್ರಿಲ್-ಮೇ ತಿಂಗಳ ತಿಳಿ ಆಕಾಶದ ಮಧ್ಯಾಹ್ನ ನಾವು ಆ ಮಟ್ಟದಲ್ಲೇ ಇರುತ್ತೇವೆ. ಜೊತೆಗೆ ಶಹಾಬಾದ್, ಚಿತ್ತಾಪುರ ಕಡೆಯ ಕಲ್ಲಿನ ಗಣಿಗಳಲ್ಲಿ ಕೆಲಸ ಮಾಡುವವರಿಗೆ ಮೇಲಿನ ಬಿಸಿಲು ಸಾಲದು ಅಂತ ಕೆಳಗಿನ ಕಲ್ಲಿನಿಂದಲೂ ಒಂದಿಷ್ಟು ಕಿರಣ ವಾಪಸ್ ಮುಖಕ್ಕೆ ಎರಚುತ್ತದೆ.

ಎಲ್ಲಿ ಎದ್ದಿದೆ, ಎಲ್ಲಿ ಎದ್ದಿಲ್ಲ

ಚರ್ಮದ ಡಾಕ್ಟರು ಮೊದಲು ನೋಡುವುದು ಗುಳ್ಳೆಯನ್ನಲ್ಲ, ಗುಳ್ಳೆ ಇಲ್ಲದ ಜಾಗವನ್ನು. ಬಿಸಿಲಿನಿಂದ ಬಂದದ್ದಾದರೆ ಹಣೆ, ಕೆನ್ನೆ, ಮೂಗು, ಕುತ್ತಿಗೆಯ ಹಿಂಭಾಗ, ಅಂಗಿಯ ಮೇಲಿನ ಗುಂಡಿ ಬಿಚ್ಚಿದ ಎದೆಯ ಜಾಗ, ಮುಂಗೈ ಮೇಲ್ಭಾಗ, ಪಾದದ ಮೇಲ್ಭಾಗ ಇಷ್ಟರಲ್ಲಿ ಇರುತ್ತದೆ. ಗದ್ದದ ಕೆಳಗೆ, ಕಿವಿಯ ಹಿಂದೆ, ಮೇಲಿನ ರೆಪ್ಪೆಯ ಮಡಿಕೆಯಲ್ಲಿ, ಗಡಿಯಾರ-ಬಳೆಯ ಅಡಿಯಲ್ಲಿ ಚರ್ಮ ಚೊಕ್ಕಟವಾಗಿರುತ್ತದೆ. ತೋಳಿನ ಅಂಚಿಗೆ ಗೆರೆ ಎಳೆದ ಹಾಗೆ ನಿಂತಿರುತ್ತದೆ. ಮನೆಯಲ್ಲಿ ಕನ್ನಡಿ ಮುಂದೆ ನಿಂತು ನೀವೇ ಇದನ್ನು ನೋಡಿಕೊಳ್ಳಬಹುದು.

ಇನ್ನೊಂದು ಸುಳಿವು ಸಮಯ. ಬಿಸಿಲಿಗೆ ಹೋಗಿ ಐದು-ಹತ್ತು ನಿಮಿಷದಲ್ಲಿ ದದ್ದು ಎದ್ದು, ನೆರಳಿಗೆ ಬಂದು ಕೆಲವು ಗಂಟೆಯಲ್ಲಿ ಗುರುತೇ ಇಲ್ಲದೆ ಮಾಯವಾದರೆ ಅದು ಬಿಸಿಲಿನ ಪಿತ್ತದ ಗಂಧೆ, ಸೋಲಾರ್ ಅರ್ಟಿಕೇರಿಯಾ. ಅಪರೂಪದ್ದು, ಆದರೆ ಮೈಯೆಲ್ಲಾ ಒಮ್ಮೆಲೇ ಬಿಸಿಲಿಗೆ ಒಡ್ಡಿದರೆ ತಲೆ ಸುತ್ತಿ ಬೀಳುವುದೂ ಉಂಟು. ಕೆಲವು ಗಂಟೆ ಬಿಟ್ಟು ಅಥವಾ ಮರುದಿನ ಎದ್ದು, ವಾರಗಟ್ಟಲೆ ಇದ್ದರೆ ಕೆಳಗೆ ಹೇಳುವ ಬೇರೆ ಬಗೆಗಳು.

ನಮ್ಮಂಥ ಕಂದು-ಕಪ್ಪು ಮೈಬಣ್ಣದಲ್ಲಿ ಕೆಂಪು ಬಣ್ಣ ಸರಿಯಾಗಿ ಕಾಣುವುದಿಲ್ಲ ಅನ್ನುವುದನ್ನೂ ನೆನಪಿಡಿ. ಇಂಟರ್‌ನೆಟ್‌ನಲ್ಲಿ ಬಿಳಿಯರ ಚರ್ಮದ ಫೋಟೊ ನೋಡಿ ‘ನಂದು ಹಂಗಿಲ್ಲ’ ಅಂದುಕೊಳ್ಳುವವರು ಬಹಳ. ನಮ್ಮಲ್ಲಿ ಅದೇ ರೋಗ ಕಪ್ಪಾಗಿ, ನೇರಳೆಯಾಗಿ, ಕೆಲವೊಮ್ಮೆ ಬಿಳಿಚಿದ ಚುಕ್ಕೆಯಾಗಿ ಕಾಣುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದದ್ದು

ಬಿಸಿಲಿನ ಅಲರ್ಜಿಗಳಲ್ಲಿ ಹೆಚ್ಚು ಜನರಿಗೆ ಬರುವುದು ಪಾಲಿಮಾರ್ಫಿಕ್ ಲೈಟ್ ಇರಪ್ಶನ್. ಡಾಕ್ಟರ ಚೀಟಿಯಲ್ಲಿ ‘ಪಿಎಂಎಲ್‌ಇ’ ಅಂತ ಬರೆದಿರುತ್ತದೆ. ಹೆಂಗಸರಿಗೆ, ಅದರಲ್ಲೂ ಇಪ್ಪತ್ತರಿಂದ ನಲವತ್ತರ ವಯಸ್ಸಿನವರಿಗೆ ಹೆಚ್ಚು. ಬ್ಯಾಸಿಗಿ ಶುರುವಾಗುತ್ತಿದ್ದಂತೆ ಮುಂಗೈ ಹೊರಭಾಗ, ಕುತ್ತಿಗೆಯ ಹಿಂದೆ, ಬ್ಲೌಸ್ ಮುಚ್ಚದ ಬೆನ್ನಿನ ಮೇಲೆ ಸಾಸಿವೆ ಕಾಳಿನಂಥ ಗುಳ್ಳೆ, ಮಬ್ಬು ಬಿಳಿಯ ಚುಕ್ಕೆ, ತುರಿಕೆ. ಮುಖ ವರ್ಷವಿಡೀ ಬಿಸಿಲು ಕಂಡು ಪಳಗಿರುವುದರಿಂದ ಅಲ್ಲಿ ಎಷ್ಟೋ ಸಲ ಏನೂ ಇರುವುದಿಲ್ಲ.

ಇದು ಜೀವಕ್ಕೆ ಅಪಾಯದ ರೋಗವಲ್ಲ, ಅಂಟುರೋಗವಲ್ಲ. ಆದರೆ ಆ ಬಿಳಿ ಚುಕ್ಕೆಯೇ ದೊಡ್ಡ ತಾಪತ್ರಯ. ಚಿಬ್ಬು ಅಂತ ಒಬ್ಬರು ಹೇಳುತ್ತಾರೆ, ತೊನ್ನು ಅಂತ ಇನ್ನೊಬ್ಬರು ಹೆದರಿಸುತ್ತಾರೆ, ಮದುವೆಗೆ ಬಂದ ಹುಡುಗಿಯಾದರೆ ಮನೆಯಲ್ಲಿ ನಿದ್ದೆ ಇಲ್ಲ. ತೊನ್ನಿನಲ್ಲಿ ಬಣ್ಣ ಪೂರ್ತಿ ಹೋಗಿ ಸುಣ್ಣದಂತೆ ಬೆಳ್ಳಗಿರುತ್ತದೆ, ತುರಿಕೆ ಸಾಮಾನ್ಯವಾಗಿ ಇರುವುದಿಲ್ಲ. ಇದರಲ್ಲಿ ಬಣ್ಣ ಮಾಸಿರುತ್ತದೆ, ಅಷ್ಟೇ. ಬಿಸಿಲು ತಪ್ಪಿಸಿದರೆ ಗುಳ್ಳೆ ಒಂದೆರಡು ವಾರದಲ್ಲಿ ಇಳಿಯುತ್ತದೆ, ಬಣ್ಣ ಮರಳಲು ಇನ್ನಷ್ಟು ಸಮಯ ಬೇಕು. ಕೆಲವರಿಗೆ ಬ್ಯಾಸಿಗಿ ಮುಂದುವರಿದಂತೆ ಚರ್ಮ ತಾನೇ ಗಟ್ಟಿಯಾಗಿ ತೊಂದರೆ ಕಡಿಮೆಯಾಗುತ್ತದೆ.

ಬದುವಿನ ಮೇಲಿನ ಕಾಂಗ್ರೆಸ್ ಕಸ

ಪಾರ್ಥೇನಿಯಂ ನಮ್ಮ ಕಡೆ ಎಲ್ಲರಿಗೂ ಕಾಂಗ್ರೆಸ್ ಕಸವೆಂದೇ ಪರಿಚಯ. ಬಿಳಿ ಸಣ್ಣ ಹೂವಿನ ಈ ಗಿಡ ಅಮೆರಿಕ ಖಂಡದ್ದು. 1950ರ ದಶಕದಲ್ಲಿ ಪುಣೆಯಲ್ಲಿ ಕಾಣಿಸಿಕೊಂಡಿತು, ಆಮೇಲೆ ದೇಶವನ್ನೇ ಹಬ್ಬಿತು. ಹೊರದೇಶದಿಂದ ಬಂದ ಗೋದಿಯ ಜೊತೆ ಬೀಜ ಬಂತು ಎಂದು ಹೇಳುವುದುಂಟು. ಇದರ ಹಾವಳಿ ತಡೆಯಲು 1980ರ ದಶಕದಲ್ಲಿ ಬೆಂಗಳೂರಿನಲ್ಲಿ ಮೆಕ್ಸಿಕೊ ಮೂಲದ ಜೀರುಂಡೆಯನ್ನು ಬಿಟ್ಟರು. ಮಳೆಗಾಲದಲ್ಲಿ ಈ ಗಿಡದ ಎಲೆ ತಿನ್ನುತ್ತಿರುವ, ಬಿಳಿಬೂದು ಬೆನ್ನ ಮೇಲೆ ಕಪ್ಪು ಗೆರೆಯ ಹುಳ ಕಂಡರೆ ಅದು ಅದೇ, ಕೊಲ್ಲಬೇಡಿ. ಹುಳ ತಿನ್ನುತ್ತದೆ, ಗಿಡ ಮತ್ತೆ ಬರುತ್ತದೆ, ಅದು ಬೇರೆ ಮಾತು.

ಗಿಡದೊಳಗಿನ ಪಾರ್ಥೆನಿನ್ ಅನ್ನುವ ರಾಸಾಯನಿಕ ಕೆಲವರ ಮೈಗೆ ಆಗುವುದಿಲ್ಲ. ಗಿಡ ಮುಟ್ಟಲೇಬೇಕು ಅಂತಿಲ್ಲ. ಒಣಗಿದ ಎಲೆ-ಹೂವಿನ ಪುಡಿ, ಗಿಡದ ಮೇಲಿನ ಸೂಕ್ಷ್ಮ ರೋಮ ಗಾಳಿಯಲ್ಲಿ ತೇಲಿ ಬಂದರೂ ಸಾಕು. ಮೊದಮೊದಲು ರೆಪ್ಪೆ, ಕುತ್ತಿಗೆಯ ಮಡಿಕೆ, ಮೊಣಕೈ ಒಳಮಡಿಕೆ, ಕಿವಿಯ ಹಿಂದೆ ತುರಿಕೆ. ಅಂದರೆ ಬಿಸಿಲು ಬೀಳದ ಸಂದಿಗಳಲ್ಲೂ ಇರುತ್ತದೆ, ಯಾಕಂದರೆ ಧೂಳು ಕೂರುವುದು ಅಲ್ಲೇ. ಬರೀ ಬಿಸಿಲಿನ ರೋಗಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದು.

ಕತೆ ಇಲ್ಲಿಗೆ ಮುಗಿದರೆ ಪರವಾಗಿರಲಿಲ್ಲ. ವರ್ಷಗಟ್ಟಲೆ ಹೀಗೇ ಬಿಟ್ಟರೆ ಕೆಲವರಲ್ಲಿ ಚರ್ಮ ಬಿಸಿಲಿಗೂ ತಿರುಗಿಬೀಳುತ್ತದೆ. ಆಮೇಲೆ ಗಿಡ ಇಲ್ಲದ ಊರಿಗೆ ಹೋದರೂ ಬಿಸಿಲು ಸಾಕು, ಮುಖ ಉರಿಯುತ್ತದೆ. ಇದಕ್ಕೆ ಕ್ರೋನಿಕ್ ಆಕ್ಟಿನಿಕ್ ಡರ್ಮಟೈಟಿಸ್ ಎಂದು ಹೆಸರು. ಹೆಚ್ಚಾಗಿ ನಡುವಯಸ್ಸು ದಾಟಿದ ಗಂಡಸರು, ರೈತರು. ಮುಖದ ಚರ್ಮ ದಪ್ಪವಾಗಿ, ಹಣೆಯಲ್ಲಿ ಆಳ ಗೆರೆ ಬಿದ್ದು, ಕಪ್ಪಾಗಿ, ಗುರುತೇ ಸಿಗದಂತಾಗುತ್ತದೆ. ಹಗಲು ಹೊರಗೆ ಬರಲಾರದ ರೈತ ಅಂದರೆ ಏನರ್ಥ, ಯೋಚಿಸಿ. ಹೊಲ ಪಾಲಿಗೆ ಕೊಟ್ಟು ಮನೆಯ ಒಳಕೋಣೆಯಲ್ಲಿ ಕೂರುವ ಸ್ಥಿತಿ.

ಇದಕ್ಕೆ ಚಿಕಿತ್ಸೆ ಇದೆ. ಪ್ಯಾಚ್ ಟೆಸ್ಟ್ ಮಾಡಿ ಪಾರ್ಥೇನಿಯಂ ಅಲರ್ಜಿ ಹೌದೋ ಅಲ್ಲವೋ ತಿಳಿಯುತ್ತಾರೆ. ಬೆನ್ನಿಗೆ ಸಣ್ಣ ಪಟ್ಟಿ ಅಂಟಿಸಿ ಎರಡು ದಿನ ಬಿಟ್ಟು ನೋಡುವ ಸರಳ ಪರೀಕ್ಷೆ ಅದು. ರೋಗ ಜೋರಾಗಿದ್ದರೆ ಅಜಥಯೋಪ್ರಿನ್‌ನಂಥ ಗುಳಿಗೆ ಕೊಡುತ್ತಾರೆ, ಅದನ್ನು ತಿನ್ನುವಾಗ ಆಗಾಗ ರಕ್ತ ಪರೀಕ್ಷೆ ಆಗಲೇಬೇಕು. ಒಮ್ಮೆ ಅಲರ್ಜಿ ಅಂತ ಗೊತ್ತಾದವರು ಈ ಗಿಡ ಕೀಳುವ ಕೆಲಸಕ್ಕೆ ಹೋಗಲೇಬಾರದು. ಶ್ರಮದಾನದ ಹೆಸರಲ್ಲೂ ಬೇಡ. ಉಳಿದವರು ಕೈಗೆ ಗವಸು ಹಾಕಿ, ಮೂಗು-ಬಾಯಿ ಮುಚ್ಚಿ, ಹೂ ಬಿಡುವ ಮೊದಲೇ ಬೇರುಸಹಿತ ಕಿತ್ತರೆ ಒಳ್ಳೆಯದು. ಸೇವಂತಿಗೆ, ಸೂರ್ಯಕಾಂತಿ ಕೂಡ ಇದೇ ಕುಲದ ಗಿಡಗಳು. ಪಾರ್ಥೇನಿಯಂ ಆಗದ ಕೆಲವರಿಗೆ ಅವೂ ಆಗುವುದಿಲ್ಲ. ಹೂ ಕಟ್ಟುವವರು, ಸೂರ್ಯಕಾಂತಿ ಬೆಳೆಯುವವರು ಇದನ್ನು ಡಾಕ್ಟರಿಗೆ ಹೇಳಬೇಕು.

ಗುಳಿಗೆ, ನಿಂಬೆಹಣ್ಣು, ಬಾವಂಚಿ

ಬಿಸಿಲಿನ ಅಲರ್ಜಿ ಅಂತ ಹೋದವರಿಗೆ ಡಾಕ್ಟರು ‘ಬೇರೆ ಏನು ಗುಳಿಗೆ ತಗೋತೀರಿ?’ ಅಂತ ಕೇಳಿದರೆ ‘ಏನೂ ಇಲ್ರಿ’ ಅನ್ನುವುದು ನಮ್ಮ ವಾಡಿಕೆ. ಹತ್ತು ವರ್ಷದಿಂದ ದಿನಾ ಬೆಳಿಗ್ಗೆ ನುಂಗುವ ಬಿಪಿ ಗುಳಿಗೆ ನಮಗೆ ಔಷಧದ ಲೆಕ್ಕಕ್ಕೇ ಇಲ್ಲ. ಆದರೆ ಅದರಲ್ಲೇ ವಿಷಯ ಇರಬಹುದು. ಬಿಪಿ ಗುಳಿಗೆಯ ಹೆಸರಿನ ಕೊನೆಗೆ ‘ಎಚ್’ ಅಂತ ಇದ್ದರೆ ಸಾಮಾನ್ಯವಾಗಿ ಅದರಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಅನ್ನುವ ಮೂತ್ರ ಹೆಚ್ಚಿಸುವ ಔಷಧ ಸೇರಿರುತ್ತದೆ. ಎಷ್ಟೋ ತಿಂಗಳು, ವರ್ಷ ಸುಮ್ಮನಿದ್ದು ಆಮೇಲೆ ಒಂದು ಬ್ಯಾಸಿಗಿಯಲ್ಲಿ ಇದು ಚರ್ಮವನ್ನು ಬಿಸಿಲಿಗೆ ಸೂಕ್ಷ್ಮ ಮಾಡಬಹುದು. ಮೊಡವೆಗೆ, ಜ್ವರಕ್ಕೆ ಕೊಡುವ ಡಾಕ್ಸಿಸೈಕ್ಲಿನ್, ಗಜಕರ್ಣಕ್ಕೆ ಕೊಡುವ ಗ್ರೈಸಿಯೋಫುಲ್ವಿನ್, ಕೀಲುನೋವಿನ ಪೈರಾಕ್ಸಿಕ್ಯಾಮ್, ಹೃದಯದ ಬಡಿತಕ್ಕೆ ಕೊಡುವ ಅಮಿಯೋಡರೋನ್, ಮಾನಸಿಕ ಕಾಯಿಲೆಗೆ ಕೊಡುವ ಕ್ಲೋರ್‌ಪ್ರೊಮಜೈನ್ ಇವೂ ಅದೇ ಸಾಲಿನವು. ಮೊಣಕಾಲಿಗೆ ಹಚ್ಚುವ ಕೀಟೊಪ್ರೊಫೆನ್ ಜೆಲ್ ಕೂಡ ಹಚ್ಚಿದ ಜಾಗಕ್ಕೆ ಬಿಸಿಲು ಬಿದ್ದರೆ ಗುಳ್ಳೆ ಎಬ್ಬಿಸಬಲ್ಲದು.

ಇದನ್ನು ಓದಿ ಯಾರೂ ನಾಳೆಯಿಂದ ಬಿಪಿ ಗುಳಿಗೆ ನಿಲ್ಲಿಸಬೇಡಿ. ಗುಳ್ಳೆಗಿಂತ ಲಕ್ವ ಕೆಟ್ಟದ್ದು. ಬರೆದುಕೊಟ್ಟ ಡಾಕ್ಟರನ್ನೇ ಕೇಳಿದರೆ ಬದಲಿ ಔಷಧ ಸುಲಭವಾಗಿ ಸಿಗುತ್ತದೆ.

ಮನೆಮದ್ದಿನ ಕಡೆಯಿಂದಲೂ ಇದೇ ತೊಂದರೆ ಬರುವುದುಂಟು. ‘ಮುಖ ಬೆಳ್ಳಗಾಗ್ತದ’ ಅಂತ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೆ ಆಗುವುದು ತದ್ವಿರುದ್ಧ. ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಅಂಜೂರದ ಹಾಲಿನಲ್ಲಿ ಸೊರಾಲಿನ್ ಜಾತಿಯ ರಾಸಾಯನಿಕಗಳಿವೆ. ಅವು ಚರ್ಮದ ಮೇಲಿರುವಾಗ ಯುವಿ-ಎ ಬಿದ್ದರೆ ಸುಟ್ಟಗಾಯದಂತೆ ಬೊಬ್ಬೆ, ಆಮೇಲೆ ತಿಂಗಳುಗಟ್ಟಲೆ ಹೋಗದ ಕಪ್ಪು ಪಟ್ಟೆ. ಶರಬತ್ತು ಮಾಡುವಾಗ ರಸ ಮೊಣಕೈವರೆಗೆ ಇಳಿದಿದ್ದರೆ ಕಲೆಯೂ ಇಳಿದ ದಾರಿಯಲ್ಲೇ ಮೂಡುತ್ತದೆ. ಮಕ್ಕಳ ಮೈಮೇಲೆ ಇಂಥ ವಿಚಿತ್ರ ಪಟ್ಟೆ ಕಂಡು ಯಾರೋ ಬರೆ ಹಾಕಿದ್ದಾರೆ ಅಂತ ಅನುಮಾನ ಪಡುವಷ್ಟು ಸ್ಪಷ್ಟವಾಗಿರುತ್ತದೆ.

ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಬಾವಂಚಿ ಬೀಜದಲ್ಲಿ ಇರುವುದೂ ಸೊರಾಲಿನ್. ತೊನ್ನಿಗೆ ಬಾವಂಚಿ ಹಚ್ಚಿ ಬಿಸಿಲು ಕಾಯಿಸುವುದು ನಮ್ಮಲ್ಲಿ ಬಹಳ ಹಳೆಯ ಪದ್ಧತಿ, ಅದರ ಹಿಂದೆ ನಿಜವಾದ ವಿಜ್ಞಾನವೂ ಇದೆ. ಆಧುನಿಕ ವೈದ್ಯರು ಅದೇ ತತ್ವದಲ್ಲಿ ಸೊರಾಲಿನ್ ಕೊಟ್ಟು ಅಳೆದ ಯುವಿ-ಎ ಬೆಳಕು ಬಿಡುತ್ತಾರೆ. ವ್ಯತ್ಯಾಸ ಇರುವುದು ಆ ‘ಅಳೆದ’ ಅನ್ನುವ ಮಾತಿನಲ್ಲಿ. ಕಲಬುರಗಿಯ ಮಧ್ಯಾಹ್ನದ ಬಿಸಿಲಲ್ಲಿ ಅಳತೆ ಇಲ್ಲದೆ ಬಾವಂಚಿ ಎಣ್ಣೆ ಹಚ್ಚಿ ಕೂತರೆ ಚರ್ಮ ಬೆಂದುಹೋಗುತ್ತದೆ.

ಜ್ವಾಳದ ರೊಟ್ಟಿ ಮತ್ತು ಕೊರಳ ಸುತ್ತಿನ ಕಪ್ಪು

ನಮ್ಮ ಸೀಮೆಗೂ ಬಿಸಿಲಿನ ಚರ್ಮರೋಗಕ್ಕೂ ಇರುವ ಹಳೆಯ ಸಂಬಂಧ ಪೆಲಾಗ್ರಾ. ಇದು ನಯಾಸಿನ್ ಅನ್ನುವ ಬಿ ಗುಂಪಿನ ಜೀವಸತ್ವದ ಕೊರತೆ. ಎರಡೂ ಮುಂಗೈ ಮೇಲೆ, ಪಾದದ ಮೇಲೆ ಗವಸು ತೊಟ್ಟಂತೆ ಚರ್ಮ ಕಪ್ಪಾಗಿ, ದಪ್ಪವಾಗಿ, ಒಣಗಿ ಬಿರಿಯುತ್ತದೆ. ಕೊರಳ ಸುತ್ತ ಹಾರ ಹಾಕಿದಂತೆ ಕಪ್ಪು ಪಟ್ಟಿ ಬರುತ್ತದೆ. 1735ರಲ್ಲೇ ಸ್ಪೇನಿನ ವೈದ್ಯ ಗಾಸ್ಪರ್ ಕಸಾಲ್ ಇದನ್ನು ಗುರುತಿಸಿದ್ದರಿಂದ ಅದಕ್ಕೆ ಕಸಾಲ್‌ನ ಹಾರ ಎಂದೇ ಹೆಸರು. ಚರ್ಮದ ಜೊತೆ ಭೇದಿ, ನಾಲಿಗೆ ಉರಿ, ನಿದ್ದೆ ಬಾರದಿರುವುದು, ಮಂಕು, ಕೊನೆಗೆ ಬುದ್ಧಿಭ್ರಮಣೆ. ಚಿಕಿತ್ಸೆ ಸಿಗದಿದ್ದರೆ ಸಾವು. ಕೊರತೆ ಯಾವುದರದ್ದು ಅಂತ ಖಚಿತವಾದದ್ದು 1937ರಲ್ಲಿ, ಅಮೆರಿಕದ ಎಲ್ವೆಜೆಮ್ ಅವರ ಸಂಶೋಧನೆಯಿಂದ.

ಬೇರೆ ದೇಶಗಳಲ್ಲಿ ಪೆಲಾಗ್ರಾ ಬಂದದ್ದು ಮೆಕ್ಕೆಜೋಳ ತಿನ್ನುವ ಬಡವರಿಗೆ. ದಖನ್ನಿನಲ್ಲಿ ಮಾತ್ರ ಬಿಳಿಜೋಳ ತಿನ್ನುವವರಲ್ಲಿ ಕಾಣಿಸಿಕೊಂಡಿತು. ಹೈದರಾಬಾದಿನಲ್ಲಿ ಪೌಷ್ಟಿಕಾಂಶ ಸಂಶೋಧನೆ ನಡೆಸುತ್ತಿದ್ದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ ಅವರು 1960ರಲ್ಲಿ, ಜೋಳದಲ್ಲಿ ಹೆಚ್ಚಾಗಿರುವ ಲ್ಯೂಸಿನ್ ಅನ್ನುವ ಅಂಶ ಇದಕ್ಕೆ ಕಾರಣವಿರಬಹುದು ಎಂಬ ವಾದ ಮುಂದಿಟ್ಟರು. ಆ ವಾದವನ್ನು ಆಮೇಲೆ ಕೆಲವರು ಒಪ್ಪಿದರು, ಕೆಲವರು ಒಪ್ಪಲಿಲ್ಲ.

ಹಾಗಂತ ರೊಟ್ಟಿ ಬಿಡಬೇಕೇ? ಖಂಡಿತ ಬೇಡ. ತೊಂದರೆ ಇದ್ದದ್ದು ಬರೀ ರೊಟ್ಟಿ-ಖಾರ ತಿಂದು ದಿನ ದೂಡುವ ಬಡತನದಲ್ಲಿ. ರೊಟ್ಟಿಯ ಜೊತೆ ಬ್ಯಾಳಿ, ಹಾಲು-ಮೊಸರು, ತತ್ತಿ ಇದ್ದರೆ ಪೆಲಾಗ್ರಾ ಹತ್ತಿರ ಸುಳಿಯುವುದಿಲ್ಲ. ಶೇಂಗಾದಲ್ಲಂತೂ 100 ಗ್ರಾಂಗೆ ಸುಮಾರು 12 ಮಿಲಿಗ್ರಾಂ ನಯಾಸಿನ್ ಇದೆ, ದೊಡ್ಡವರಿಗೆ ದಿನಕ್ಕೆ ಬೇಕಾಗುವುದರ ಬಹುಪಾಲು. ರೊಟ್ಟಿಗೆ ಶೇಂಗಾ ಹಿಂಡಿ ಹಚ್ಚಿಕೊಂಡು ತಿನ್ನುವ ಪದ್ಧತಿ ಮಾಡಿದವರಿಗೆ ಜೀವಸತ್ವದ ಹೆಸರು ಗೊತ್ತಿರಲಿಲ್ಲ, ಆದರೆ ಜೋಡಿ ಚೆನ್ನಾಗಿ ಕೂತಿದೆ.

ಈಗ ಪೆಲಾಗ್ರಾ ಕಾಣುವುದು ಬೇರೆ ಕಡೆ. ದಿನಾ ಕುಡಿದು ಊಟ ಬಿಟ್ಟವರಲ್ಲಿ. ಒಬ್ಬರೇ ಇರುವ, ಹಲ್ಲಿಲ್ಲದ, ಚಹಾ-ಬನ್ನಿನಲ್ಲೇ ಹೊತ್ತು ಕಳೆಯುವ ಮುದುಕರಲ್ಲಿ. ಟಿಬಿಗೆ ಐಸೋನಿಯಜಿಡ್ ತೆಗೆದುಕೊಳ್ಳುತ್ತಿರುವ ಕೆಲವರಲ್ಲಿ ಕೂಡ. ಆ ಔಷಧ ಬಿ6 ಜೀವಸತ್ವವನ್ನು ತಗ್ಗಿಸುತ್ತದೆ, ಬಿ6 ಇಲ್ಲದೆ ಮೈ ನಯಾಸಿನ್ ತಯಾರಿಸಿಕೊಳ್ಳಲಾರದು. ಟಿಬಿ ಗುಳಿಗೆ ಜೊತೆ ಪೈರಿಡಾಕ್ಸಿನ್ ಅಂತ ಒಂದು ಸಣ್ಣ ಗುಳಿಗೆ ಕೊಡುವುದು ಈ ಕಾರಣಕ್ಕೂ ಹೌದು, ನರಗಳ ರಕ್ಷಣೆಗೂ ಹೌದು. ‘ಇಷ್ಟೊಂದು ಗುಳಿಗಿ ಯಾಕ’ ಅಂತ ಅದನ್ನು ಬಿಡಬೇಡಿ. ಕುಡಿತದಿಂದ ಮಂಕಾದ ಮನುಷ್ಯನ ಕೈ ಮೇಲೆ ಇಂಥ ಕಪ್ಪು ಪೊರೆ ಕಂಡರೆ ಅಮಲು ಅಂತ ಬಿಡದೆ ದವಾಖಾನಿಗೆ ಒಯ್ಯಿರಿ. ಇದರ ಔಷಧ ನಿಕೋಟಿನಮೈಡ್ ಬಹಳ ಅಗ್ಗ, ಕೆಲವೇ ದಿನಗಳಲ್ಲಿ ಗುಣ ಕಾಣಿಸುತ್ತದೆ. ಇಷ್ಟು ಅಗ್ಗದ ಔಷಧಕ್ಕೆ ಬಗ್ಗುವ ರೋಗದಲ್ಲಿ ಯಾರಾದರೂ ಸತ್ತರೆ ಅದು ಗುರುತಿಸದೆ ಹೋದದ್ದರಿಂದ ಮಾತ್ರ.

ಕೆನ್ನೆಯ ಮೇಲಿನ ಚಿಟ್ಟೆ

ಮೂಗಿನ ಮೇಲಿಂದ ಎರಡೂ ಕೆನ್ನೆಗೆ ಹರಡಿದ, ಚಿಟ್ಟೆ ರೆಕ್ಕೆ ಬಿಚ್ಚಿದಂಥ ದದ್ದು ಲೂಪಸ್ ರೋಗದ ಗುರುತು. ಬಂಗು ಅಂದುಕೊಂಡು ಇದಕ್ಕೆ ತಿಂಗಳುಗಟ್ಟಲೆ ಕ್ರೀಮ್ ಹಚ್ಚುವುದುಂಟು. ಬಂಗು ಬರೀ ಕಂದು ಬಣ್ಣ. ಉರಿ, ಊತ, ನೋವು ಇರುವುದಿಲ್ಲ. ಲೂಪಸ್ ಮೈಯ ರಕ್ಷಣಾ ವ್ಯವಸ್ಥೆಯೇ ಮೈಯ ಮೇಲೆ ಎರಗುವ ರೋಗ, ಬಿಸಿಲು ಅದನ್ನು ಕೆರಳಿಸುತ್ತದೆ. ರೋಗಿಗಳಲ್ಲಿ ಹತ್ತಕ್ಕೆ ಒಂಬತ್ತು ಜನ ಹೆಂಗಸರು, ಹೆಚ್ಚಿನವರು ಮಕ್ಕಳು ಹೆರುವ ವಯಸ್ಸಿನವರು.

ಇಲ್ಲಿ ಚರ್ಮಕ್ಕಿಂತ ಮುಖ್ಯ ಉಳಿದ ಸಂಗತಿ. ಬಿಸಿಲಿಗೆ ಮುಖ ಉರಿಯುವುದರ ಜೊತೆ ಕೈ ಬೆರಳಿನ ಗಂಟು ನೋವು, ಬಿಟ್ಟುಬಿಟ್ಟು ಜ್ವರ, ಕೂದಲು ಉದುರುವುದು, ಬಾಯಲ್ಲಿ ನೋವಿಲ್ಲದ ಹುಣ್ಣು, ಕಾಲು-ಮುಖ ಊದುವುದು, ಮೂತ್ರದಲ್ಲಿ ನೊರೆ, ಮತ್ತೆ ಮತ್ತೆ ಗರ್ಭಪಾತ, ಇವುಗಳಲ್ಲಿ ಒಂದೆರಡು ಇದ್ದರೂ ತಡಮಾಡದೆ ತೋರಿಸಬೇಕು. ಲೂಪಸ್ ಮೂತ್ರಪಿಂಡಕ್ಕೆ ಇಳಿದರೆ ಡಯಾಲಿಸಿಸ್‌ವರೆಗೆ ಹೋಗುತ್ತದೆ. ಮೂತ್ರದಲ್ಲಿ ಪ್ರೋಟೀನ್ ಪರೀಕ್ಷೆ, ರಕ್ತದಲ್ಲಿ ಎಎನ್‌ಎ ಪರೀಕ್ಷೆಯಿಂದ ದಾರಿ ತೆರೆಯುತ್ತದೆ. ಹೈಡ್ರಾಕ್ಸಿಕ್ಲೋರೋಕ್ವಿನ್ ಅನ್ನುವ ಗುಳಿಗೆ ಇದರ ಬೆನ್ನೆಲುಬು. ಕೋವಿಡ್ ಕಾಲದಲ್ಲಿ ಎಲ್ಲರೂ ಹೆಸರು ಕೇಳಿದ ಗುಳಿಗೆಯೇ ಅದು. ವರ್ಷಗಟ್ಟಲೆ ತಿನ್ನಬೇಕಾದ್ದರಿಂದ ಕಣ್ಣಿನ ತಪಾಸಣೆಯನ್ನೂ ಮಾಡಿಸುತ್ತಿರಬೇಕು.

ಮಕ್ಕಳಲ್ಲಿ ಕಂಡರೆ

ಒಂದೆರಡು ವರ್ಷದ ಕೂಸಿನ ಮುಖದ ತುಂಬ ಎಳ್ಳು ಚೆಲ್ಲಿದಂತೆ ಕಪ್ಪು ಚುಕ್ಕೆ, ಬೆಳಕು ಕಂಡರೆ ಕಣ್ಣು ಮುಚ್ಚಿ ಅಳುವುದು, ಸ್ವಲ್ಪ ಬಿಸಿಲಿಗೇ ಚರ್ಮ ಸುಟ್ಟು ಒಣಗುವುದು. ಇದು ಝೀರೋಡರ್ಮಾ ಪಿಗ್ಮೆಂಟೋಸಮ್ ಇರಬಹುದು. ವಿಯೆನ್ನಾದಲ್ಲಿದ್ದ ಮೋರಿಟ್ಸ್ ಕಪೋಸಿ 1870ರ ದಶಕದಲ್ಲಿ ಈ ರೋಗವನ್ನು ವಿವರಿಸಿದರು. ಕಾರಣ ತಿಳಿದದ್ದು 1968ರಲ್ಲಿ, ಜೇಮ್ಸ್ ಕ್ಲೀವರ್ ಅವರಿಂದ. ಬಿಸಿಲು ಎಲ್ಲರ ಚರ್ಮದ ಡಿಎನ್‌ಎಯನ್ನೂ ದಿನಾ ಕೆಡಿಸುತ್ತದೆ, ಮೈ ಅದನ್ನು ದಿನಾ ರಿಪೇರಿ ಮಾಡುತ್ತದೆ. ಈ ಮಕ್ಕಳಲ್ಲಿ ಆ ರಿಪೇರಿ ಕೆಲಸವೇ ನಡೆಯುವುದಿಲ್ಲ. ಬಿಸಿಲಿನಿಂದ ಕಾಪಾಡದಿದ್ದರೆ ಹತ್ತು ವರ್ಷದೊಳಗೇ ಚರ್ಮದ ಕ್ಯಾನ್ಸರ್ ಬರುತ್ತದೆ.

ರೋಗ ಅಪರೂಪ. ಆದರೆ ತಂದೆ-ತಾಯಿ ಇಬ್ಬರಿಂದಲೂ ದೋಷದ ಜೀನ್ ಬಂದರೆ ಮಾತ್ರ ಬರುವ ರೋಗವಾದ್ದರಿಂದ, ಸೋದರಮಾವನಿಗೆ, ಅತ್ತೆ-ಮಾವನ ಮಕ್ಕಳಿಗೆ ಕೊಟ್ಟು ತರುವ ನಮ್ಮ ಕಡೆ ಇದನ್ನು ಮರೆಯುವಂತಿಲ್ಲ. ಇಂಥ ದಂಪತಿಗೆ ಪ್ರತಿ ಬಸಿರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ. ತಾಯಿಯ ತಪ್ಪಲ್ಲ, ಗ್ರಹಣದಲ್ಲಿ ಹೊರಗೆ ಬಂದದ್ದರಿಂದ ಬಂದದ್ದಲ್ಲ, ಶಾಪವಂತೂ ಅಲ್ಲ. ಮಗುವನ್ನು ಹಗಲು ಬೆಳಕಿನಿಂದ ಪೂರ್ತಿ ಕಾಪಾಡಬೇಕು: ಕಿಟಕಿಗೆ ಯುವಿ ತಡೆಯುವ ಹಾಳೆ, ಮೈ ತುಂಬ ಬಟ್ಟೆ, ಕಣ್ಣಿಗೆ ಕನ್ನಡಕ, ಆಟ ಸೂರ್ಯ ಮುಳುಗಿದ ಮೇಲೆ. ಬಿಸಿಲು ಇಲ್ಲದ್ದಕ್ಕೆ ವಿಟಮಿನ್ ಡಿ ಹೊರಗಿನಿಂದ ಕೊಡಬೇಕು. ಹೊಸ ಗಂಟು, ವಾಸಿಯಾಗದ ಹುಣ್ಣು ಕಂಡ ಕೂಡಲೇ ತೋರಿಸಬೇಕು. ಶಾಲೆಯವರು ಒಪ್ಪಿ ಪ್ರಾರ್ಥನೆಗೆ ಅಂಗಳದಲ್ಲಿ ನಿಲ್ಲಿಸದಿದ್ದರೆ, ಕಿಟಕಿಯಿಂದ ದೂರ ಕೂರಿಸಿದರೆ ಈ ಮಕ್ಕಳೂ ಓದಬಹುದು.

ಗುಳ್ಳೆ ಏನೂ ಕಾಣದೆ, ಬಿಸಿಲಿಗೆ ಹೋದ ಕೆಲ ನಿಮಿಷದಲ್ಲೇ ಕೈ-ಮುಖ ಉರಿ ಉರಿ ಅಂತ ಮಗು ತಣ್ಣೀರಿಗೆ ಕೈ ಅದ್ದಿ ಅತ್ತರೆ ಹಟ ಅಂತ ಬೈಯಬೇಡಿ. ಪೋರ್ಫೈರಿಯಾ ಅನ್ನುವ ರಕ್ತದ ರೋಗದ ಒಂದು ಬಗೆ ಹಾಗೆ ಬರುತ್ತದೆ. ಅದರಲ್ಲಿ ಕೆಣಕುವುದು ಕಣ್ಣಿಗೆ ಕಾಣುವ ಬೆಳಕೇ, ಸಾದಾ ಸನ್‌ಸ್ಕ್ರೀನ್ ಕೆಲಸಕ್ಕೆ ಬರುವುದಿಲ್ಲ.

ಆ ಟ್ಯೂಬ್ ಬಗ್ಗೆ

ಮೆಡಿಕಲ್‌ನಲ್ಲಿ ಕೇಳಿದ ಕೂಡಲೇ ಕೈಗೆ ಬರುವ ಟ್ಯೂಬ್‌ಗಳಲ್ಲಿ ಬಹುಪಾಲು ಸ್ಟೀರಾಯ್ಡ್ ಇರುತ್ತದೆ. ಡಬ್ಬಿಯ ಮೇಲೆ ಬೀಟಾಮೆಥಾಸೋನ್, ಕ್ಲೋಬೆಟಾಸಾಲ್, ಮೊಮೆಟಾಸೋನ್ ಅಂತಿದ್ದರೆ ಅದೇ. ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ, ಮಾರುತ್ತಾರೆ. ಹಚ್ಚಿದ ಎರಡು ದಿನಕ್ಕೆ ತುರಿಕೆ ಮಾಯ, ಅದೇ ಇದರ ಮೋಸ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಂಡು, ಮೊಡವೆ-ಕೂದಲು ಬೆಳೆದು, ಕೊನೆಗೆ ಬಿಸಿಲಿಗೆ ಹೋದರೆ ಮುಖ ಕೆಂಡದಂತಾಗುತ್ತದೆ. ಬಿಸಿಲಿನ ಅಲರ್ಜಿಗೆ ಅಂತ ತಂದ ಮುಲಾಮೇ ಬಿಸಿಲಿನ ಅಲರ್ಜಿ ಆದಂತೆ. ಬೆಳ್ಳಗಾಗಲು ಹಚ್ಚುವ, ಸ್ಟೀರಾಯ್ಡ್ ಜೊತೆ ಹೈಡ್ರೋಕ್ವಿನೋನ್, ಟ್ರೆಟಿನಾಯಿನ್ ಬೆರೆಸಿದ ಕ್ರೀಮ್‌ಗಳದ್ದೂ ಇದೇ ಹಣೆಬರಹ. ಡಾಕ್ಟರು ಇಷ್ಟು ದಿನ ಅಂತ ಬರೆದುಕೊಟ್ಟರೆ ಅಷ್ಟೇ ದಿನ ಹಚ್ಚಿ ಬಿಡಬೇಕು. ಬಹಳ ದಿನ ಹಚ್ಚಿದವರು ಒಮ್ಮೆಲೇ ನಿಲ್ಲಿಸಿದರೂ ಮುಖ ಉರಿದೇಳುತ್ತದೆ, ಆದ್ದರಿಂದ ಕೇಳಿ ನಿಲ್ಲಿಸಿ.

ಬಿಸಿಲು ತಡೆಯುವುದಕ್ಕೆ ಕೂಲಿಯವರಿಗೆ ಸನ್‌ಸ್ಕ್ರೀನ್ ಬರೆದುಕೊಡುವುದು ಸುಲಭ, ಕೊಳ್ಳುವುದು ಕಷ್ಟ. ಮೊದಲು ಬಟ್ಟೆ. ರುಮಾಲು, ತಲೆ ತುಂಬ ಸೆರಗು, ಸೀರೆ ಮೇಲೆ ಗಂಡಸರ ತುಂಬುತೋಳಿನ ಹಳೆ ಅಂಗಿ, ನಮ್ಮ ಹೆಣ್ಣುಮಕ್ಕಳು ಹೊಲದಲ್ಲಿ ಮಾಡುವ ಈ ಉಪಾಯ ಯಾವ ಕ್ರೀಮ್‌ಗೂ ಕಡಿಮೆಯಲ್ಲ. ತೆಳು ಬಿಳಿ ಬಟ್ಟೆ ತಂಪು, ನಿಜ, ಆದರೆ ಯುವಿ ಅದರೊಳಗೆ ನುಸುಳುತ್ತದೆ, ಒದ್ದೆಯಾದರೆ ಇನ್ನೂ ಹೆಚ್ಚು. ಒತ್ತು ನೇಯ್ಗೆಯ ಗಾಢ ಬಣ್ಣದ ಬಟ್ಟೆ ಮೇಲು. ಬೆಳಿಗ್ಗೆ ಬೇಗ ಹೋಗಿ 10ರೊಳಗೆ ನೆರಳಿಗೆ ಬರುವುದು, ಮತ್ತೆ 4ರ ನಂತರ ಇಳಿಯುವುದು ಎಲ್ಲಕ್ಕಿಂತ ಒಳ್ಳೆಯದು.

ಸನ್‌ಸ್ಕ್ರೀನ್ ಕೊಳ್ಳುವವರು ಎಸ್‌ಪಿಎಫ್ 30 ಅಥವಾ ಮೇಲಿನದು ನೋಡಿ. ಆ ಸಂಖ್ಯೆ ಮುಖ್ಯವಾಗಿ ಯುವಿ-ಬಿ ಲೆಕ್ಕ. ಯುವಿ-ಎ ತಡೆಯುತ್ತದೆಯೇ ಅಂತ ತಿಳಿಯಲು ‘ಪಿಎ’ ಪಕ್ಕದಲ್ಲಿ ಎಷ್ಟು ಕೂಡಿಸುವ ಚಿಹ್ನೆ ಇದೆ ನೋಡಿ, ಹೆಚ್ಚಿದ್ದಷ್ಟೂ ಒಳ್ಳೆಯದು. ಮುಖ-ಕುತ್ತಿಗೆಗೆ ಎರಡು ಬೆರಳುದ್ದ ಬೇಕು, ಹೊರಡುವ ಕಾಲು ಗಂಟೆ ಮೊದಲು ಹಚ್ಚಬೇಕು, ಬೆವರಿಗೆ ಹೋಗುವುದರಿಂದ ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಬಟಾಣಿ ಕಾಳಿನಷ್ಟು ಹಚ್ಚಿ ‘ಕೆಲಸ ಮಾಡಲಿಲ್ಲ’ ಅಂದರೆ ಕ್ರೀಮ್‌ನ ತಪ್ಪಲ್ಲ.

ಕಲಬುರಗಿಯಲ್ಲಿ ಜಿಮ್ಸ್ ಮತ್ತು ಇಎಸ್‌ಐ ಮೆಡಿಕಲ್ ಕಾಲೇಜು ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ. ಹೋಗುವಾಗ ತಿನ್ನುತ್ತಿರುವ ಎಲ್ಲ ಗುಳಿಗೆಗಳ ಖಾಲಿ ಪಟ್ಟಿ, ಹಚ್ಚಿದ ಎಲ್ಲ ಟ್ಯೂಬ್‌ಗಳು, ಆಯುರ್ವೇದ-ನಾಟಿ ಔಷಧವಿದ್ದರೆ ಅದರ ಡಬ್ಬಿ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಗುಳ್ಳೆ ಜೋರಾಗಿದ್ದಾಗ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ, ಯಾಕಂದರೆ ಸರದಿ ಬರುವ ದಿನ ಅದು ಇಳಿದಿರುತ್ತದೆ. ಯಾವ ತಿಂಗಳು ಶುರುವಾಯಿತು, ಬಿಸಿಲಿಗೆ ಹೋದ ಎಷ್ಟು ಹೊತ್ತಿಗೆ ಎದ್ದಿತು, ಎಷ್ಟು ದಿನ ಇತ್ತು ಅನ್ನುವುದನ್ನು ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಾದರೂ ಬರೆದಿಟ್ಟುಕೊಂಡಿದ್ದರೆ ಡಾಕ್ಟರಿಗೆ ಅರ್ಧ ಕೆಲಸ ಅಲ್ಲೇ ಆಗುತ್ತದೆ.